ಪೊಲೀಸರು ಮನೆಗೇ ಬರುತ್ತಾರೆಂಬ ನಂಬಿಕೆ

ನಮ್ಮ ಕಡೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಪೊಲೀಸರೇ ಮನೆಗೆ ಬರುತ್ತಾರೆ. ಉಡುಪಿಯಲ್ಲಿ ನನ್ನ ಗಂಡನ ವಿಚಾರಣೆಗೆ ಬಂದ ಪೇದೆ ಜಗಲಿಯಲ್ಲಿ ಕೂತು ಕಾಫಿ ಕುಡಿದು, ಪಕ್ಕದ ಮನೆಯವರನ್ನು ಕರೆದು, "ಇವ್ರು ಜನ ಹೇಗೆ?" ಎಂದು ಕೇಳಿದ್ದನಂತೆ. "ಪಾಪದವ್ರು ಮಾರಾಯ್ರೆ" ಎಂದರಂತೆ ಅವರು. ಅಷ್ಟಕ್ಕೆ ಮುಗಿಯಿತು. ಮೊದಲು ಅರ್ಜಿ, ಆಮೇಲೆ ಪೊಲೀಸು. ಲೋಕವೆಲ್ಲ ಹೀಗೇ ಎಂದುಕೊಂಡಿದ್ದೆವು.

ಕೊರೋನಾ ಬಂದಾಗ ನಾನು ಕ್ವಾಲಾಲಂಪುರದ ಹತ್ತಿರ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಪುಚೊಂಗ್‌ನ ಬಾಡಿಗೆ ಕಾಂಡೋದಲ್ಲಿ ನಾನು, ನನ್ನ ಪುಟ್ಟ ಮಗಳು. ಗಂಡ ಮಾಸ್ಟರ್ಸ್ ಓದಲು ಮೆಲ್ಬರ್ನ್‌ಗೆ ಹೋಗಿದ್ದರು. ಪದವಿ ಮುಗಿದವರಿಗೆಂದೇ ಕೊಡುವ ವೀಸಾ ಅವರಿಗೆ ಸಿಕ್ಕಿದರೆ ನಾವಿಬ್ಬರೂ ಅಲ್ಲಿಗೆ ಹೋಗಿ ಒಂದೇ ಮನೆಯಲ್ಲಿ ಬದುಕುವುದೆಂಬ ಆಸೆ. ಎರಡೂ ದೇಶಗಳು ಗಡಿ ಮುಚ್ಚಿಕೊಂಡಿದ್ದವು; ತೆರೆದಾಗ ಒಟ್ಟಿಗಿರಲು ಆ ವೀಸಾ ಬಿಟ್ಟರೆ ನಮಗೆ ಬೇರೆ ದಾರಿಯೇ ಕಾಣುತ್ತಿರಲಿಲ್ಲ.

ಅವರು ಅರ್ಜಿ ಹಾಕಿದ ದಿನ ಫೋನಿನಲ್ಲಿ ಕೇಳಿದೆ. "ಪೊಲೀಸ್ ಸರ್ಟಿಫಿಕೇಟ್ ಎಂತಾಯ್ತು?"

"ಅದಕ್ಕೆಂತ ಅರ್ಜೆಂಟು ಮಾರಾಯ್ತಿ? ಬೇಕಾದ್ರೆ ಅವ್ರೇ ಕೇಳ್ತಾರೆ. ನಾನೇನು ಕಳ್ಳನಾ?"

ವೀಸಾದವರು ಕೇಳಲಿಲ್ಲ. ವೀಸಾ ತಿರಸ್ಕರಿಸಿದ್ದೇವೆಂಬ ಮೇಲ್ ಬಂತು. ಅಲ್ಲಿಯ ನಿಯಮ ನಮ್ಮದಕ್ಕೆ ತಿರುಗುಮುರುಗು. ಪೊಲೀಸ್ ಚೆಕ್‌ಗೆ, ಅಂದರೆ ಅಪರಾಧವೇನೂ ಇಲ್ಲವೆಂಬ ಆ ಸರ್ಟಿಫಿಕೇಟಿಗೆ ಮೊದಲೇ ಅರ್ಜಿ ಹಾಕಿ, ಹಾಕಿದ್ದಕ್ಕೆ ಪುರಾವೆ ಜೊತೆಗಿಟ್ಟು, ಆಮೇಲೆ ವೀಸಾ ಕೇಳಬೇಕು. ಇವರು ಗಾಬರಿಬಿದ್ದು ತರಿಸಿಕೊಂಡ ಸರ್ಟಿಫಿಕೇಟಿನಲ್ಲಿ ಒಂದು ಕಪ್ಪುಚುಕ್ಕೆಯೂ ಇರಲಿಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಅಪೀಲು ಹಾಕಿದೆವು. ಅದು ಮುಗಿಯುವ ತನಕ ಅವರು ಅಲ್ಲೇ ಇರಬೇಕು. ಹೊರಗೆ ಬಂದರೆ ಮತ್ತೆ ಒಳಗೆ ಹೋಗುವಂತಿಲ್ಲ. ಹಾಗಾಗಿ ಕಾದೆವು. ನಾನು ಕಂಪ್ಯೂಟರಿನ ಮುಂದೆ ಕೂತು ಮುಖ ಕಾಣದ ಹುಡುಗರಿಗೆ ಪಾಠ ಹೇಳಿದೆ. ಅಡುಗೆಗೆ ಮನಸ್ಸಿಲ್ಲದ ದಿನ ಕೆಳಗಿನ ಮಾಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಿಂದ ರೋಟಿ ತಪಾವ್ ಮಾಡಿಸಿ ತಂದೆ. ಹಾಗೆಂದರೆ ಕಟ್ಟಿಸಿಕೊಂಡು ಬರುವುದು. ಮಗಳು ಫೋನಿನ ಅಪ್ಪನಿಗೆ ಮೊದಮೊದಲು ಕನ್ನಡದಲ್ಲಿ ಉತ್ತರಿಸುತ್ತಿದ್ದಳು, ಆಮೇಲೆ ಇಂಗ್ಲಿಷಿನಲ್ಲಿ, ಆಮೇಲೆ ಕಾಂಡೋದ ಮಕ್ಕಳ ಹಾಗೆ "ಬ್ಯುಸಿ ಲಾ" ಎಂದು ಓಡುತ್ತಿದ್ದಳು. ಇವರು ಪರದೆಯಲ್ಲಿ ನಗುತ್ತಾ ಕೂತಿರುತ್ತಿದ್ದರು. ಆ ನಗುವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೊಂದು ದಿನ ಫೋನಿನಲ್ಲೇ ಅಪೀಲಿನ ವಿಚಾರಣೆ ನಡೆಯಿತು. ಸಾಕ್ಷಿಯೆಂದು ನನ್ನನ್ನೂ ಸೇರಿಸಿಕೊಂಡರು. ತೀರ್ಪು ಕೊಡುವವರು ಹೆಂಗಸು, ಮೆದು ದನಿ. ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ನಮ್ಮಲ್ಲಿ ಅರ್ಜಿ ಹಾಕಿದ ಮೇಲೆ ಪೊಲೀಸರೇ ಬರುತ್ತಾರೆ, ಕಾಫಿ ಕುಡಿಯುತ್ತಾರೆ ಎಂದೆಲ್ಲ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುವಾಗಲೇ ನಾಚಿಕೆಯಾಯಿತು.

ಅವರು ನಗಲಿಲ್ಲ. ನಿಮ್ಮ ಪತಿ ಸಭ್ಯರೆಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ವೀಸಾ ಕೇಳುವ ಮೊದಲು ಪೊಲೀಸ್ ಚೆಕ್ ಕೇಳಿದ್ದರೇ ಇಲ್ಲವೇ ಎಂಬುದನ್ನಷ್ಟೇ ನಾನು ನೋಡಬಹುದು, ಕನಿಕರ ತೋರಿಸಲು ಕಾನೂನಿನಲ್ಲಿ ಜಾಗವಿಲ್ಲ ಎಂದರು. ಗದರಿದ್ದರೆ ತಿರುಗಿ ಜಗಳವಾಡಬಹುದಿತ್ತು. ಅಷ್ಟು ಮರ್ಯಾದೆಯಿಂದ ಹೇಳಿದವರಿಗೆ ಏನು ಹೇಳುವುದು? ಥ್ಯಾಂಕ್ಯೂ ಅಂದೆ.

ಅಪೀಲು ಬಿದ್ದುಹೋಯಿತು. ಅಷ್ಟರಲ್ಲಿ ಗಡಿ ತೆರೆದಿತ್ತು; ಇವರು ಎಲ್ಲ ಬಿಟ್ಟು ನಮ್ಮಲ್ಲಿಗೆ ಹೊರಟರು. ಅಪ್ಪ ನಾಳೆ ಬರ್ತಾರೆ, ಇನ್ನು ಇಲ್ಲೇ ಇರ್ತಾರೆ ಎಂದು ಮಗಳಿಗೆ ಹೇಳಿದೆ. ಅವಳು ಕುಣಿಯಲಿಲ್ಲ. ಮಲಗುವ ಕೋಣೆಗೆ ಹೋಗಿ, ನಾವಿಬ್ಬರೂ ಮಲಗುವ ಮಂಚವನ್ನು ನೋಡಿಕೊಂಡು ಬಂದಳು.

"ಅಮ್ಮಾ, ವೇರ್ ವಿಲ್ ಹೀ ಸ್ಲೀಪ್?"

ತಂಟೆಗೆ ಕೇಳಿದ್ದಲ್ಲ. ಮುಖದಲ್ಲಿ ನಿಜವಾದ ಚಿಂತೆಯಿತ್ತು. ನಾನೂ ಹೋಗಿ ಆ ಮಂಚವನ್ನು ನೋಡಿದೆ.