ಹಳ್ಳದಿಂದ ಶುರುವಾಗುವ ಊರು

ಕಂಪ್ಯೂಟರಿನವರ ವೈ-ಟು-ಕೆ ಗದ್ದಲದ ಆ ದಿನಗಳಲ್ಲಿ ಅಮೆರಿಕದ ಎಡಿಸನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾವ ಕನ್ನಡದವರನ್ನು ಕೇಳಿದರೂ ಬೆಂಗಳೂರಿನವರೇ. ಗದಗಿನವರೂ ಬೆಂಗಳೂರಿನವರು, ಹಾಸನದವರೂ ಬೆಂಗಳೂರಿನವರು. ನನ್ನ ಗಂಡನೂ ಹಾಗೇ ಹೇಳುತ್ತಿದ್ದರು. ನಮ್ಮಿಬ್ಬರದೂ ಒಂದೇ ಊರು, ಧಾರವಾಡದ ಕಡೆಯ ಒಂದು ಸಂತೆ ಊರು. ಬೆಂಗಳೂರಿಗೆ ಹೋಗಬೇಕೆಂದರೆ ಇಡೀ ರಾತ್ರಿ ರೈಲಿನಲ್ಲಿ ಕೂರಬೇಕು. ಅವರು ಬೆಂಗಳೂರು ಅಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಡಿಪೆಂಡೆಂಟ್ ವೀಸಾದ ಮೇಲೆ ಬಂದಿದ್ದರಿಂದ ಇಲ್ಲಿ ನೌಕರಿ ಮಾಡುವಂತಿರಲಿಲ್ಲ. ಬಂದಾಗಿನಿಂದ ಕೈಗೆ ಸೀಮೆಸುಣ್ಣ ಸೋಕಿರಲಿಲ್ಲ. ಪಾಠ ಮಾಡದೆ ನಾನು ಒಳಗೊಳಗೇ ಒಣಗುತ್ತಿದ್ದೆ.

ಕೆಳಗಿನ ಮನೆಯಲ್ಲಿ ಒಬ್ಬ ಜೆಕ್ ಅಜ್ಜಿ ಇದ್ದರು. ಎಲ್ಲಿಯವರು ಎಂದರೆ ಪ್ರಾಗ್ ಅನ್ನುತ್ತಿರಲಿಲ್ಲ. ನಮ್ಮ ನಾಲಿಗೆ ಹೊರಳದ ಒಂದು ಹೆಸರು ಹೇಳಿ, ಅದು ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ, ಪೇಟೆ ಊರು ಎಂದು ಸೇರಿಸುತ್ತಿದ್ದರು. ಹಿಂದೆ ಯಾವನೋ ರಾಜ ಅಲ್ಲಿ ವಾರಕ್ಕೊಂದು ಸಂತೆ ನಡೆಸುವ ಹಕ್ಕು ಕೊಟ್ಟಿದ್ದನಂತೆ. ಎರಡನೇ ಮಹಾಯುದ್ಧದ ನಂತರ ಬಂದ ಕಮ್ಯುನಿಸ್ಟ್ ಸರ್ಕಾರ 'ಪೇಟೆ ಊರು' ಎಂಬ ಪಟ್ಟವನ್ನೇ ತೆಗೆದುಹಾಕಿತಂತೆ. ಅಜ್ಜಿ ಮಾತ್ರ ಒಪ್ಪಿರಲಿಲ್ಲ. ಆ ಸರ್ಕಾರ ಹೋಯಿತು, ನಾನಿನ್ನೂ ಇದ್ದೇನೆ ಅನ್ನುತ್ತಿದ್ದರು. ಆ ಒಂದು ಮಾತಿಗೇ ನಾನು ಅವರಿಗೆ ಮನಸೋತೆ.

ಆ ವರ್ಷ ಕ್ಲಬ್‌ಹೌಸಿನಲ್ಲಿ ನಿವಾಸಿಗಳು ತಮ್ಮ ತಮ್ಮ ಊರಿನ ಬಗ್ಗೆ ಮಾತಾಡುವ ಸಂಜೆಗಳು ಶುರುವಾದವು. ಮಾತಾಡುವವರ ಪಟ್ಟಿಯಲ್ಲಿ ಅಜ್ಜಿಯ ಹೆಸರೂ ಇತ್ತು, ಆದರೆ ಗಂಟಲಿನ ಆಪರೇಷನ್ನಾಗಿ ದನಿ ಪಿಸುಮಾತಿಗೆ ಇಳಿದಿತ್ತು. ನೀನು ಟೀಚರ್, ನನ್ನ ಊರಿನ ಪಾಠ ನೀನೇ ಮಾಡು ಎಂದರು. ನಾನು ಎರಡನೇ ಮಾತಿಲ್ಲದೆ ಒಪ್ಪಿದೆ. ಸಂಜೆಗಳನ್ನು ನಡೆಸುತ್ತಿದ್ದ ಹೆಂಗಸಿಗೆ ಇದು ಸರಿಬರಲಿಲ್ಲ. ಅಷ್ಟು ಸಣ್ಣ ಊರು ಯಾರಿಗೆ ಬೇಕು, ಅಜ್ಜಿ ಪ್ರಾಗ್‌ನ ಫೋಟೋ ತೋರಿಸಲಿ, ನೀವು ತಾಜಮಹಲಿನ ಬಗ್ಗೆ ಹೇಳಿ ಎಂದಳು. ತಾಜಮಹಲನ್ನು ನಾನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಅಜ್ಜಿಯ ಊರೇ ಎಂದು ಹಟಹಿಡಿದು ಹೆಸರು ಬರೆಸಿದೆ.

ಮನೆಯಲ್ಲೂ ಅದೇ ರಗಳೆ.

"ಕಾಣದ ಊರಿನ ಬಗ್ಗೆ ಏನಂತ ಹೇಳ್ತಿ? ಆಫೀಸಿನವ್ರೂ ಬರ್ತಾರ. ನಗತಾರ ಮಂದಿ," ಎಂದರು ಗಂಡ.

"ರೂರ್ ಕಣಿವಿ ಕಲ್ಲಿದ್ದಲು ವರ್ಷಾ ವರ್ಷಾ ಕಲಿಸೀನಿ. ಜರ್ಮನಿ ನೋಡೀಯೇನು ಅಂತ ಒಬ್ಬ ಇನ್‌ಸ್ಪೆಕ್ಟರೂ ಕೇಳಲಿಲ್ಲ," ಎಂದೆ.

ಬ್ರಿಟಿಷ್ ದೊರೆಗಳು ಹಡಗಿನಲ್ಲಿ ಬಂದು ನಮ್ಮ ಜಿಲ್ಲೆಗಳ ಗ್ಯಾಸೆಟಿಯರ್ ಬರೆಯಬಹುದು. ನಾನು ಒಂದು ಜೆಕ್ ಊರಿನ ನಕ್ಷೆ ಬರೆದರೆ ನಗಬೇಕಂತೆ. ನಗಲಿ.

ಅಜ್ಜಿಯ ಅಡುಗೆಮನೆಯಲ್ಲಿ ತಯಾರಿ ನಡೆಯಿತು. ಅವರು ಬೇಕರಿಯಿಂದ ಶುರುಮಾಡಲು ನೋಡಿದರು. ನಾನು ಬಿಡಲಿಲ್ಲ. ಮೊದಲು ನೀರು, ಆಮೇಲೆ ದಾರಿ, ಮಂದಿ ಕೊನೆಗೆ. ನಮ್ಮ ಪಾಠದ ಕ್ರಮವೇ ಹಾಗೆ. ಅಜ್ಜಿ ಸಿಡುಕಿದರು, ಆದರೆ ಯೋಚಿಸಿ ಹೇಳುತ್ತ ಹೋದರು. ಹಳ್ಳ ಉತ್ತರದ ಮೀನಿನ ಕೆರೆಗಳಿಂದ ಇಳಿಯುತ್ತಿತ್ತು. ಉಪ್ಪಿನ ಗಾಡಿಗಳು ಅದನ್ನು ದಾಟುವ ಮೊದಲು ದಡದಲ್ಲಿ ತಂಗುತ್ತಿದ್ದವು. ತಂಗಿದಲ್ಲಿ ಸಂತೆ, ಸಂತೆಯ ಸುತ್ತ ಚೌಕ, ಚೌಕದಲ್ಲಿ ಚರ್ಚು, ಪ್ಲೇಗು ಹೋದ ಮೇಲೆ ಮೇರಿ ಮಾತೆಗೆಂದು ನಿಲ್ಲಿಸಿದ ಕಂಬ. ಬಿಯರ್ ಕಾರ್ಖಾನೆ ಯಾವ ಕಡೆ ಎಂದು ವಾದವಾಗಿ ಅಜ್ಜಿ ನನ್ನ ಸ್ಕೆಚ್ ಪೆನ್ನನ್ನೇ ಕಿತ್ತುಕೊಂಡರು. ಚೌಕದ ಒಂದು ಸಾಲಿನ ಮನೆಗಳವರು ಜರ್ಮನ್ ಮಾತಾಡುತ್ತಿದ್ದರು, ಯುದ್ಧ ಮುಗಿದ ಮೇಲೆ ಅವರನ್ನು ಊರಿನಿಂದ ಅಟ್ಟಿದರು ಎಂದು ಹೇಳಿ ಪೆನ್ನನ್ನು ನನ್ನ ಕೈಗೆ ವಾಪಸು ಕೊಟ್ಟರು. ಅದನ್ನೂ ಹೇಳು, ಬಿಡಬೇಡ ಎಂದರು.

ಆ ಸಂಜೆ ಬೋರ್ಡಿಗೆ ಬಿಳಿ ಚಾರ್ಟ್ ಸಿಕ್ಕಿಸಿ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿ, ಹಳ್ಳದ ಗೆರೆ ಎಳೆದೆ. ಕೈ ಏನನ್ನೂ ಮರೆತಿರಲಿಲ್ಲ. ಗಾಡಿಗಳು ಇಲ್ಲೇ ಯಾಕೆ ನಿಂತವು ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ, ಈ ಸಂಜೆಗಳನ್ನು ನಡೆಸುವ ಹೆಂಗಸಿನ ಕಡೆ ಕೈ ತೋರಿಸಿ, ನೀವು ಹೇಳಿ ಎಂದೆ. ಆಕೆ ಗಡಬಡಿಸಿ ಎದ್ದು ನಿಂತೇ ಉತ್ತರ ಹೇಳಿದಳು. ಉತ್ತರ ಸರಿಯಿತ್ತು. ಜರ್ಮನರ ಸಾಲಿಗೆ ಬಂದಾಗ ಅಜ್ಜಿ ತಲೆ ಎತ್ತಿಯೇ ಕೂತಿದ್ದರು.

ಪಾಠ ಮುಗಿದ ಮೇಲೆ ಗಂಡನ ಮ್ಯಾನೇಜರು, ಆ ಊರಿಗೆ ಹೋಗಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ, ನಾಚದೆ. ಹಾಗಾದರೆ ನಿಮ್ಮದು ಯಾವ ಊರು ಎಂದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ಬೆಂಗಳೂರು ಎಂದು ಹೇಳಿ ಜಾಕೆಟ್ಟು ಹಾಕಿಕೊಳ್ಳುತ್ತ ಎದ್ದರು. ಮುಂದಿನ ಸಾಲಿನಲ್ಲಿ, ನಮ್ಮೂರು ಯಾವುದೆಂದು ಬಲ್ಲ ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು.

ನಾನು ಹೊಸ ಚಾರ್ಟ್ ಸಿಕ್ಕಿಸಿದೆ. ಉತ್ತರದ ಬಾಣ ಹಾಕಿದೆ. ಹತ್ತಿ ಗಾಡಿಗಳು ದಾಟುತ್ತಿದ್ದ ನಮ್ಮೂರ ಹಳ್ಳದ ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು, ಗಂಡನ ಕಡೆ ತಿರುಗಿ, ಎಲ್ಲರೆದುರು ಕನ್ನಡದಲ್ಲೇ ಹೇಳಿದೆ:

"ಕೂಡ್ರಿ. ನಿಮ್ಮೂರಿನ ಪಾಠ ಈಗ ಶುರು."

ಅವರು ಕೂತರು.