ಖೂಬಾ ಪ್ಲಾಟಿನ ಉಸುಕಿನಲ್ಲಿ ಕರಬೂಜ

ತುಳಜಾಬಾಯಿ ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಕೆಂಪು ಬಾಳೆಹಣ್ಣು ತಂದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮಾರುತ್ತಾಳೆ. ಬಾಳೆ ಅವಳ ಬೆಳೆಯಲ್ಲ. ಇಪ್ಪತ್ತು ವರ್ಷ ಅವಳು ಭೀಮಾ ನದಿಯ ನೀರು ಇಳಿದ ಮೇಲೆ, ಪಾತ್ರದ ಉಸುಕಿನಲ್ಲಿ ಮೊಣಕೈ ಆಳದ ಕುಣಿ ತೋಡಿ ಕರಬೂಜ ಬೆಳೆದವಳು. ಆ ಬೆಳೆಗೆ ಮೇಲಿಂದ ಹನಿ ನೀರು ಹಾಕುವಂತಿಲ್ಲ; ಬೇರು ತಾನೇ ಇಳಿದು ಹೊಳೆಯನ್ನು ಮುಟ್ಟಬೇಕು. ಆಮೆ ಮೊಟ್ಟೆಯಿಟ್ಟ ಕಡೆ ಅವಳು ಕುಣಿ ತೋಡುತ್ತಿರಲಿಲ್ಲ. ಒಡೆದ ಹಣ್ಣು ನರಿಯ ಪಾಲು, ಅದಕ್ಕೆ ತಕರಾರಿಲ್ಲ.

ಆಮೇಲೆ ಉಸುಕು ಒಯ್ಯುವ ಟಿಪ್ಪರುಗಳು ಬಂದವು. ನಮ್ಮ ಮನೆಗಳಿಗೆ ಸ್ಲ್ಯಾಬು ಬೇಕಿತ್ತಲ್ಲ, ನನ್ನ ಮನೆಗೂ! ತಳದ ಕೆಸರು ಕಾಣುವತನಕ ಹೊಳೆಯನ್ನು ಬಳಿದೆವು. ಆಮೆಯನ್ನು ಯಾರೂ ಕೇಳಲಿಲ್ಲ, ತುಳಜಾಬಾಯಿಯನ್ನೂ ಕೇಳಲಿಲ್ಲ. ಅವಳ ಬಳಿ ಉಳಿದದ್ದು ಬೂದಿ ಹಚ್ಚಿಟ್ಟ ಐದೇ ಬೀಜ. ಆ ತಳಿ ಬೇರೆಲ್ಲೂ ಇಲ್ಲ.

ಈ ಸಲ ಚಳಿ ಮುಗಿಯುವಾಗ, ಕಟ್ಟುತ್ತಿದ್ದ ಮನೆಯೊಂದರ ಎದುರು ರಸ್ತೆಯ ಮೇಲೆ ಒದ್ದೆ ಉಸುಕಿನ ರಾಶಿ ಬಿದ್ದಿತ್ತು. ಹಿಡಿ ತೆಗೆದು ಮೂಸಿದಳು. ಭೀಮೆಯದೇ. ಬುಟ್ಟಿ ಇಳಿಸಿದವಳೇ ಕುಣಿ ತೋಡಿದಳು. ಮರುದಿನ ಬೀಜ ತಂದು ಐದನ್ನೂ ಊರಿಬಿಟ್ಟಳು.

ಕಾವಲುಗಾರ ಅಬ್ರಾರ್ ನಕ್ಕ. “ಮೌಸಿ, ಮಾಲಕರಿಗೆ ಹೇಳ್ಲೇನು, ನಿಮ್ ಸ್ಲ್ಯಾಬಿನಾಗ ಕರಬೂಜ ಬರ್ತಾವ ಅಂತ?”

“ಬಂದ್ರ ನಿನಗೂ ಒಂದ್ ಹೋಳು ಕೊಡ್ತೀನಿ, ಸುಮ್ಕಿರು.”

ವಾರದಲ್ಲಿ ಐದೂ ಮೊಳೆತವು. ಆಮೇಲೆ ಮೂರು ಬಾಡಿದವು. ಅಬ್ರಾರ್ ಬಕೆಟ್ ಹಿಡಿದು ಬಂದ.

“ನೀರ್ ಹಾಕ್ಲೇನು?”

“ಬ್ಯಾಡ ತಮ್ಮಾ. ಮ್ಯಾಲಿಂದ ಕುಡಿಸಿದ್ರ ಬೇರು ಕೆಳಗ ಹೋಗಂಗಿಲ್ಲ.”

“ಕೆಳಗ ಏನದ ಮೌಸಿ? ಡಾಂಬರ್ ರೋಡ್ ಅದ.”

ಅವಳು ಉಳಿದೆರಡು ಸಸಿಗಳ ಪಕ್ಕದಲ್ಲಿ ಕೈ ತೂರಿಸಿದಳು. ಮೊಣಕೈವರೆಗೂ ಇಳಿಸಿ, ಬೆರಳ ತುದಿಯಲ್ಲಿ ಹೊಳೆಯ ತಂಪನ್ನು ಹುಡುಕಿದಳು. ಒಣ ಡಾಂಬರು ತಾಗಿತು. ಆದರೂ ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಇಷ್ಟೇ ಆಳಕ್ಕ ಸಿಗ್ತಿತ್ತು,” ಎಂದಳು.

ಅಬ್ರಾರ್ ದನಿ ತಗ್ಗಿಸಿದ. “ನಾಳಿಗಿ ಸ್ಲ್ಯಾಬ್ ಹಾಕ್ತಾರ್ರಿ, ಈ ಉಸುಕೆಲ್ಲ ಹೋಗ್ತದ. ಇವೆರಡನ್ನ ಉಸುಕಿನ ಸಮೇತ ಚೀಲಕ್ಕ ಹಾಕಿ ಕೊಡ್ತೀನಿ, ಒಯ್ರಿ.”

ಸಂಜೆಯ ಕಮಲಾಪುರ ಬಸ್ಸಿನಲ್ಲಿ ಸಸಿಗಳಿದ್ದ ಸಿಮೆಂಟ್ ಚೀಲ ಅವಳ ತೊಡೆಯ ಮೇಲಿತ್ತು. ಪಕ್ಕದವಳಿಂದ ನೀರಿನ ಬಾಟಲಿ ಕೇಳಿ ಪಡೆದಳು. ಅಂಗೈಗೆ ಸುರಿದುಕೊಂಡು, ಯಾರಾದರೂ ನೋಡಿಯಾರೆಂಬಂತೆ ಸೆರಗಿನಿಂದ ಮರೆಮಾಡಿ, ಮೊದಲ ಸಲ ಮೇಲಿಂದ ನೀರು ಹನಿಸಿದಳು.