ಯಾರೂ ತುಳಿಯದ ಜಾಗ

ಶಿವಾನಂದ, ಆ ಹುಲ್ಲನ್ನು ಸುಟ್ಟವನು ನಾನು. ನಿನ್ನ ಗೊಬ್ಬರವಲ್ಲ — ನನ್ನ ಉಪ್ಪು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಹೇಳುತ್ತಿರುವುದು ನಿನ್ನ ಮೇಲೆ ಪ್ರೀತಿ ಉಕ್ಕಿ ಎಂದುಕೊಳ್ಳಬೇಡ. ನಿನ್ನನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಸಿಂಗಪುರದ ಯಿಶುನ್‌ನಲ್ಲಿ ನಮ್ಮ ಫ್ಲಾಟುಗಳ ಬ್ಲಾಕುಗಳ ಹಿಂದೆ ಲಾನ್ ಬೌಲಿಂಗ್ ಕ್ಲಬ್ ಹುಟ್ಟಿದ್ದೇ ನಿನ್ನಿಂದ, ಒಪ್ಪುತ್ತೇನೆ. ಭಾರದ ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿ, ಪುಟ್ಟ ಬಿಳಿ ಚೆಂಡಿನ ಪಕ್ಕ ನಿಲ್ಲಿಸುವ ಈ ಆಟದ ಹೆಸರನ್ನೂ ನಾವು ಕೇಳಿರಲಿಲ್ಲ. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ದಿನವಿಡೀ ವಿಮಾನ ರಿಪೇರಿ ಮಾಡಿ ಬಂದು, ಸಂಜೆ ಮಂಡಿಯೂರಿ ಹುಲ್ಲು ಕತ್ತರಿಸುತ್ತಿದ್ದವನು ನೀನು. ಹುಲ್ಲೇನೋ ಚೆನ್ನಾಗಿಯೇ ಬಂತು. ಆದರೆ ನಿನ್ನ ಆ ಎಲುಬಿಲ್ಲದ ನಾಲಿಗೆ —

ಮೊದಲ ಪಂದ್ಯದ ದಿನ ನನ್ನ ಹೆಂಡತಿ ವೀಣಾ ರೇಷ್ಮೆ ಸೀರೆ ಉಟ್ಟು ಆಸೆಯಿಂದ ಬಂದಿದ್ದಳು. ನೀನು ಎಲ್ಲರೆದುರು ಅವಳನ್ನು ತಡೆದೆ. "ಆಂಟಿ, ಹೀಲ್ಸ್ ಬಿಚ್ಚಿಟ್ಟು ಬರ್ರಿ. ಇದು ಮದುವೆ ಹಾಲ್ ಅಲ್ಲ." ನಿನಗಿಂತ ಚಿಕ್ಕವಳು ಅವಳು. ಜನ ನಕ್ಕರು, ಅವಳು ಮನೆಗೆ ಹೋದಳು, ಮತ್ತೆಂದೂ ಅತ್ತ ಬರಲಿಲ್ಲ. ನಾನು ಮಾತ್ರ ಹಲ್ಲು ಕಚ್ಚಿಕೊಂಡು ಆಡುತ್ತಲೇ ಇದ್ದೆ.

ಆಮೇಲೆ ಆಯುಧಪೂಜೆ ಬಂತು. ಹುಲ್ಲು ಸಮ ಮಾಡುವ ರೋಲರ್‌ಗೆ, ಚೆಂಡುಗಳಿಗೆ ಪೂಜೆ ಮಾಡೋಣ ಎಂದವನು ನಾನು. ಮಾಡಿ, ಆದರೆ ಹುಲ್ಲಿನ ಮೇಲೆ ಕುಂಕುಮವೂ ಬೀಳಬಾರದು ಎಂದವನು ನೀನು. ಸಿಮೆಂಟಿನ ಮೇಲೆಯೇ ಪೂಜೆ ಮುಗಿಯಿತು. ನಾವು ಪಂದ್ಯದ ಮೇಲೆ ಪಂದ್ಯ ಸೋಲುತ್ತಿದ್ದ ಕಾಲ ಅದು. ಎಲ್ಲರೂ ಊಟಕ್ಕೆ ಹೋದಾಗ, ನಾನು ಕಲ್ಲುಪ್ಪಿನಿಂದ ಇಡೀ ಕ್ಲಬ್ಬಿಗೆ ದೃಷ್ಟಿ ತೆಗೆದೆ. ಇಡೀ ಕ್ಲಬ್ಬಿಗೆ ಒಂದು ಹಿಡಿ ಸಾಕೇ? ಚೀಲವನ್ನೇ ಬಕೆಟ್ ನೀರಿಗೆ ಸುರಿದು ಕರಗಿಸಿದೆ. ದೃಷ್ಟಿ ತೆಗೆದ ನೀರನ್ನು ಯಾರೂ ತುಳಿಯದ ಜಾಗಕ್ಕೆ ಚೆಲ್ಲಬೇಕು ಎನ್ನುತ್ತಾರೆ. ಸಿಂಗಪುರದಲ್ಲಿ ಅಂಥ ಜಾಗ ಎಲ್ಲಿದೆ? ಬ್ಲಾಕಿನ ಕೆಳಗೆ ತೆರವಾಗಿ ಬಿಟ್ಟ ವಾಯ್ಡ್ ಡೆಕ್‌ನಲ್ಲಿ ಜನ, ದಾರಿಯಲ್ಲಿ ಜನ. ಆಟವಿಲ್ಲದಾಗ ಯಾರೂ ಕಾಲಿಡದಂತೆ ನೀನು ಹಗ್ಗ ಕಟ್ಟಿ ಕಾಯುತ್ತಿದ್ದ ಹುಲ್ಲೊಂದೇ ಕಣ್ಣಿಗೆ ಬಿತ್ತು. ಉಪ್ಪು ಹುಲ್ಲನ್ನು ಕೊಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ — ಆದರೆ ಸುರಿಯುವಾಗ ಕೈಗೆ ಸುಖವಾಗಿತ್ತು. ಅದೂ ನಿಜ.

ಆ ವಾರ ಮಳೆಯೂ ಕೈಕೊಟ್ಟಿತು. ಅಂಗಳದ ನಟ್ಟನಡುವೆ ಹುಲ್ಲು ಕಂದು ಬಣ್ಣಕ್ಕೆ ತಿರುಗಿ ಸತ್ತಿತು. ಅಧ್ಯಕ್ಷರಾಗಿದ್ದ ಲಿಮ್ ಅಂಕಲ್ ಎಲ್ಲರನ್ನೂ ಕರೆಸಿ, ಯಾರು ಏನು ಹಾಕಿದಿರಿ ಎಂದು ಕೇಳಿದರು. ಶಿವಾನಂದ ಹೋದ ವಾರ ಗೊಬ್ಬರ ಹಾಕಿದ್ದಾನೆ ಎಂದೆ ನಾನು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ ನೋಡು. ನೀನು ಜಗಳಕ್ಕೆ ಬರುತ್ತೀಯ ಎಂದು ಕಾದೆ. ನೀನೋ, ಅಲ್ಲಿದ್ದ ಇನ್ನೊಬ್ಬ ಕನ್ನಡದವನೆಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದೆ: "ಅಳತಿ ತಪ್ಪಿರಬೇಕು ನಂದು."

ವಿಮಾನದ ಒಂದು ತಿರುಪನ್ನೂ ಅಳತೆ ತಪ್ಪಿ ಬಿಗಿಯದವನು ನೀನು, ನಿನ್ನ ಕೈಯನ್ನೇ ಅನುಮಾನಿಸಿದೆ. ಕ್ಲಬ್ಬಿನ ಬೀಗದ ಕೈ ಮೇಜಿನ ಮೇಲಿಟ್ಟು, ಕ್ಲಬ್ಬನ್ನೇ ಬಿಟ್ಟು ಹೋದೆ ನೀನು. ಅದನ್ನು ಎತ್ತಿಕೊಂಡವನು ನಾನು. ಕ್ಯಾಪ್ಟನ್ ಆದವನೂ ನಾನೇ. ಹುಲ್ಲಿನ ಸಹವಾಸವೇ ಬೇಡವೆಂದು ಕಮಿಟಿ ಅಲ್ಲಿ ಹಸಿರು ಕಾರ್ಪೆಟ್ ಹಾಸಿತು.

ಈಗ ಕ್ಲಬ್ಬಿನ ವಾರ್ಷಿಕೋತ್ಸವ. ಹಳಬ ನಾನೊಬ್ಬನೇ ಉಳಿದಿದ್ದೇನೆಂದು, ಆರಂಭದ ದಿನಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ಮನೆಯಲ್ಲಿ ಮಗ ಇಲ್ಲಿನವರ ಧಾಟಿಯಲ್ಲಿ ಹೇಳಿದ, "ಅಪ್ಪಾ, ಫರ್ಟಿಲೈಜರ್ ಅಂಕಲ್ ಸ್ಟೋರಿ ಹೇಳು, ಸೂಪರ್ ಫನ್ನಿ ಲಾ." ಕ್ಲಬ್ಬಿನಲ್ಲಿ ನಿನಗೆ ಉಳಿದಿರುವ ಹೆಸರು ಅದೊಂದೇ, ಶಿವಾನಂದ. ಆ ಹೆಸರಿಟ್ಟವನೂ ನಾನೇ. ವೀಣಾ ಅನ್ನ ಬಡಿಸುತ್ತಿದ್ದಳು, ಅವಳು ನಗಲಿಲ್ಲ. ಅವಳಿಗೆ ಆದ ಅವಮಾನಕ್ಕೆ ಸೇಡು ಎಂದು ನಾನು ಒಳಗೊಳಗೇ ಹೇಳಿಕೊಂಡು ಬಂದಿದ್ದೆ — ಸೇಡು ತೀರಿಸು ಎಂದು ಅವಳು ಕೇಳಿರಲೇ ಇಲ್ಲ.

ಭಾನುವಾರ ಮೈಕಿನ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಬಕೆಟ್, ಉಪ್ಪು, ನಾನು ಆಡಿದ ಮಾತು. ಕ್ಷಮಿಸು ಎಂದು ಕೇಳುವುದಿಲ್ಲ, ನೀನು ಕ್ಷಮಿಸಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಬೇಕಾದರೆ ಬಾ. ಯಾವ ಚಪ್ಪಲಿಯನ್ನಾದರೂ ಹಾಕಿಕೊಂಡು ಬಾ. ತುಳಿದರೆ ಹಾಳಾಗುವಂಥದ್ದು ಅಲ್ಲಿ ಈಗ ಏನೂ ಇಲ್ಲ.